ಬಿಯರ್ ಕಾಯಿಸೋಕೆ ಆಂಪ್ ಮೀಟರ್ ಯಾಕೆ ಅಂತ ಕೇಳುವವರಿಗೆ

"ಟೆಂಪರೇಚರ್ ಕಾಣುತ್ತಲ್ಲ, ಈ ವೋಲ್ಟ್ ಮೀಟರ್, ಆಂಪ್ ಮೀಟರ್ ಯಾಕೆ?" ಕರೆಂಟಿನಲ್ಲಿ ಬಿಯರ್ ಮಾಡುವ ಅಮೆರಿಕದ ನಮ್ಮ ಗ್ಯಾರೇಜಿಗೆ ಕಾಲಿಟ್ಟವರೆಲ್ಲ ಇದನ್ನೇ ಕೇಳುತ್ತಾರೆ. ಇನ್ನು ಬಾಯಲ್ಲಿ ಹೇಳಲ್ಲ, ಬರೆದಿಟ್ಟಿದ್ದೇನೆ, ಓದಿಕೊಳ್ಳಿ. (ಮನೆಯಲ್ಲಿ ಬಿಯರ್ ಮಾಡೋದು ಕಾನೂನಿಗೆ ಸರೀನಾ ಅನ್ನೋದು ಎರಡನೇ ಪ್ರಶ್ನೆ. ಇಲ್ಲಿನ ಕೇಂದ್ರ ಸರ್ಕಾರ 1978ರಲ್ಲೇ ಅದಕ್ಕೆ ಕಾನೂನು ಮಾಡಿದೆ. ಮುಂದೆ ಹೋಗೋಣ.)

ದೀಪಾವಳಿ ಊಟಕ್ಕೆ ಬಂದ ಗೆಳೆಯನೊಬ್ಬ ಪ್ಯಾನೆಲ್ ನೋಡಿ, "ಏನ್ ಗುರು, ಮೀಟರ್ ಹಾಕ್ಸಿದೀಯ, ಒನ್ ಅಂಡ್ ಹಾಫ್ ಕೊಡ್ಬೇಕಾ?" ಅಂದ. ಜೋಕು ಚೆನ್ನಾಗಿತ್ತು, ನಾನೂ ನಕ್ಕೆ. ಆಮೇಲೆ "ಸುಮ್ನೆ ಶೋಕಿಗೆ ತಾನೇ?" ಅಂದನಲ್ಲ, ಅಲ್ಲಿ ಉರಿಯಿತು.

ಶೋಕಿಗಲ್ಲ ಮಾರಾಯ. ಪಾತ್ರೆಯೊಳಗೆ ಕೂತು ನೀರು ಕಾಯಿಸುವ ಎಲಿಮೆಂಟ್ 240 ವೋಲ್ಟಿಗೆ 5500 ವ್ಯಾಟ್, ಅಂದರೆ ಹತ್ತಿರ ಹತ್ತಿರ 23 ಆಂಪ್. ಅದನ್ನು ಆನ್-ಆಫ್ ಮಾಡೋದು ಸಾಲಿಡ್ ಸ್ಟೇಟ್ ರಿಲೇ, ಅಂದರೆ ಕಂಟ್ರೋಲರ್ ಹೇಳಿದಂತೆ ಕೇಳುವ ಎಲೆಕ್ಟ್ರಾನಿಕ್ ಸ್ವಿಚ್. ಈ ರಿಲೇ ಕೆಟ್ಟರೆ ಸಾಮಾನ್ಯವಾಗಿ ಆನ್ ಆಗಿಯೇ ಕೂತುಬಿಡುತ್ತದೆ. ಕಂಟ್ರೋಲರ್ ಪಾಡಿಗೆ ಅದು ಲೈಟ್ ಆರಿಸಿ ಆಫ್ ಅನ್ನುತ್ತಿರುತ್ತದೆ, ಎಲಿಮೆಂಟ್ ಮಾತ್ರ ಕಾಯುತ್ತಲೇ ಇರುತ್ತದೆ. ಟೆಂಪರೇಚರ್ ನೋಡಿದರೂ ಗೊತ್ತಾಗುತ್ತದೆ, ಆದರೆ ತಡವಾಗಿ. ಅಷ್ಟರಲ್ಲಿ 67 ಡಿಗ್ರಿಯಲ್ಲಿ ಇರಬೇಕಾದ ಮ್ಯಾಶ್ (ಬಿಸಿನೀರಲ್ಲಿ ನೆನೆಸಿದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯ) 75 ದಾಟಿ, ಪಿಷ್ಟವನ್ನು ಸಕ್ಕರೆ ಮಾಡುವ ಮಾಲ್ಟಿನ ಎನ್‌ಝೈಮ್‌ಗಳು ಕೈಕೊಟ್ಟಿರುತ್ತವೆ. ಆಂಪ್ ಮೀಟರ್ ಅಲ್ಲೇ, ಆಗಲೇ 23 ಅನ್ನುತ್ತದೆ.

ವೋಲ್ಟ್ ಮೀಟರ್ ಯಾಕೆ? ಇಲ್ಲಿನ ಕೆಲವು ಅಪಾರ್ಟ್‌ಮೆಂಟುಗಳಲ್ಲಿ 240 ಅಲ್ಲ, 208 ಬರುತ್ತದೆ. ಅದೇ ಎಲಿಮೆಂಟ್ ಆಗ ಸುಮಾರು 4130 ವ್ಯಾಟ್ ಅಷ್ಟೇ ಕೊಡುತ್ತದೆ. ಅರ್ಧ ಗಂಟೆಯಲ್ಲಿ ಕುದಿಯಬೇಕಾದ ನೀರು 40 ನಿಮಿಷ ತಗೊಂಡರೆ ಎಲಿಮೆಂಟನ್ನು ಬೈಯಬೇಡಿ.

ಇನ್ನು "ಮೀಟರ್ ಹಾಕಿದೆ, ಸೊನ್ನೆ ತೋರಿಸ್ತಿದೆ" ಅಂತ ಫೋನ್ ಮಾಡುವವರು. ಆಂಪ್ ಅಳೆಯುವ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ರಿಂಗಿನೊಳಗೆ ಎಲಿಮೆಂಟಿನ ಎರಡೂ ಹಾಟ್ ವೈರ್ (ಕರೆಂಟ್ ಇರುವ ವೈರ್) ತೂರಿಸಿರುತ್ತೀರಿ, ನನಗೆ ಗೊತ್ತು. ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ವಾಪಸ್ ಬರುತ್ತದೆ, ಲೆಕ್ಕ ಚುಕ್ತಾ, ಸೊನ್ನೆ. ಒಂದೇ ವೈರ್ ಹಾಕಿ. ವೋಲ್ಟಿಗೆ ಎರಡೂ ಹಾಟ್‌ನಿಂದ ತೆಳು ವೈರ್ ತನ್ನಿ, ಎರಡಕ್ಕೂ ಸಣ್ಣ ಫ್ಯೂಸ್ ಹಾಕಿ, ಯಾಕೆಂದರೆ 30 ಆಂಪ್ ಬ್ರೇಕರ್ ಆ ತೆಳು ವೈರನ್ನು ಕಾಪಾಡುವುದಿಲ್ಲ. ರಿಲೇ ಆದಮೇಲಿನ ತುದಿಗೆ ಜೋಡಿಸಬೇಡಿ. ರಿಲೇ ಆಫ್ ಇದ್ದರೂ ಸ್ವಲ್ಪ ಕರೆಂಟ್ ಸೋರುತ್ತದೆ, ಎಲಿಮೆಂಟ್ ಪ್ಲಗ್ ಕಿತ್ತಿದ್ದಾಗ ಮೀಟರ್ ಇಲ್ಲದ ವೋಲ್ಟ್ ತೋರಿಸಿ ಹೆದರಿಸುತ್ತದೆ. ಆಂಪ್ ಕುಣಿದರೆ ಮೀಟರ್ ಕೆಟ್ಟಿಲ್ಲ, ಕಂಟ್ರೋಲರ್ ರಿಲೇಯನ್ನು ಪದೇ ಪದೇ ಆನ್-ಆಫ್ ಮಾಡ್ತಿದೆ ಅಷ್ಟೆ. ಇದೆಲ್ಲ ಮೇನ್ ಬ್ರೇಕರ್ ಆಫ್ ಮಾಡಿದ ಮೇಲೆ, ಗೊತ್ತಲ್ವಾ?

ಲೆಕ್ಕ ಚುಕ್ತಾ ಅಂದೆನಲ್ಲ, ಶಾಕಿನಿಂದ ಕಾಪಾಡುವ ಸ್ವಿಚ್ಚಾದ ಜಿಎಫ್‌ಸಿಐ ನೋಡುವುದೂ ಅದನ್ನೇ. ಹೋದದ್ದಕ್ಕೂ ಬಂದದ್ದಕ್ಕೂ ಸುಮಾರು 5 ಮಿಲಿಆಂಪ್ ವ್ಯತ್ಯಾಸ ಬಂದರೆ ಸಾಕು, ಲೈನ್ ಕಡಿಯುತ್ತದೆ. ಸ್ಟೀಲ್ ಪಾತ್ರೆ, ನೀರು, ಒದ್ದೆ ಕೈ, 240 ವೋಲ್ಟ್. "ಜಿಎಫ್‌ಸಿಐ ಇದೆಯಾ?" ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. "ರಿಲೇ ಸಿಕ್ಕಿಹಾಕಿಕೊಂಡರೆ ಏನ್ಮಾಡ್ತೀಯ?" ಅಂತಲೂ ಇಲ್ಲ. ಕೇಳಿದ್ದರೆ ಖುಷಿಯಿಂದ ಕಾಂಟ್ಯಾಕ್ಟರ್ (ಇಡೀ ಲೈನ್ ಕಡಿಯುವ ದೊಡ್ಡ ಸ್ವಿಚ್) ತೋರಿಸುತ್ತಿದ್ದೆ: ನನ್ನ ರಿಲೇ ಕಡಿಯೋದು ಒಂದು ವೈರ್ ಮಾತ್ರ, ಕಾಂಟ್ಯಾಕ್ಟರ್ ಎರಡನ್ನೂ ಕಡಿಯುತ್ತದೆ.

ಬದಲಿಗೆ ಕೇಳೋದು, ಮೀಟರಿನ ಅಂಕಿ ಯಾಕೆ ನೀಲಿ ಅಂತ. ಕೆಂಪು ಸ್ಟಾಕ್ ಇರಲಿಲ್ಲ.