ಐದು, ಆರು ಎಂಬ ಕಿಲಾಡಿ ಜೋಡಿ

ವಿಷಯ ಪರಿವೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ರಿಸ್ಕ್ ಯಾಕೆ ಅಂತ ಹತ್ತನೇ ಕ್ಲಾಸಿಗೆ ತೀರಾ ಸುಲಭದ ಅಪವರ್ತನದ ಲೆಕ್ಕ (ಎರಡು ಆವರಣಗಳ ಗುಣಲಬ್ಧವಾಗಿ ಒಡೆಯುವುದು) ಬರೆದೆ: ಎಕ್ಸ್² − 5ಎಕ್ಸ್ + 6. ಗುಣಿಸಿದರೆ 6, ಕೂಡಿದರೆ −5. ಅಂದರೆ −2, −3. ಮಧ್ಯಪದ ಒಡೆದರೆ ಮುಗಿಯಿತು.

ನಮ್ಮ ಬೋರ್ಡಿಗೆ ಬಣ್ಣ ಬಳಿದು ಯಾವ ಕಾಲವಾಯಿತೋ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗ್‌ನಲ್ಲಿ ಕೇಳಿದಾಗೆಲ್ಲ 'ಸ್ಮಾರ್ಟ್ ಬೋರ್ಡ್ ಬರುತ್ತೆ, ತಡೀರಿ ಮಿಸ್' ಅನ್ನುತ್ತಾರೆ. ಬಿಸಿಲಿನ ಹೊಳಪಿಗೆ ಕಿಟಕಿ ಸಾಲಿನವರಿಗೆ ಪ್ಲಸ್ಸಿನ ನಿಲುಗೆರೆ ಕಾಣಲೇ ಇಲ್ಲ. ಅವರು −6 ಅಂತ ಇಳಿಸಿಕೊಂಡರು.

ಗೋಡೆ ಸಾಲಿನಿಂದ (ಎಕ್ಸ್ − 2)(ಎಕ್ಸ್ − 3) ಬಂತು. ಕಿಟಕಿ ಕಡೆಯ ಹುಡುಗಿ ಎದ್ದು (ಎಕ್ಸ್ − 6)(ಎಕ್ಸ್ + 1) ಅಂದಳು.

'ತಪ್ಪು, ಕೂತ್ಕೊ' ಅಂದೆ. ನೋಟ್‌ಬುಕ್ ನೋಡಲೇ ಇಲ್ಲ.

ಅವಳು ಕೂರಲಿಲ್ಲ. 'ಗುಣಿಸಿ ನೋಡಿದೀನಿ ಮಿಸ್, ಸರಿ ಬರುತ್ತೆ.' ಇಡೀ ಸಾಲು ಹೌದು ಹೌದು ಅಂದಿತು. ಹಿಂದೆ ಸಾಹೇಬರ ಪೆನ್ನು ಓಡುತ್ತಲೇ ಇತ್ತು. ನನಗೆ ಏನೂ ಹೊಳೆಯಲಿಲ್ಲ. ಲೆಕ್ಕವನ್ನೇ ತಪ್ಪಾಗಿ ಬರೆದುಕೊಂಡಿದ್ದರೆ ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳಬೇಕಲ್ವಾ? ಕೊನೆಗೆ ಸಾಹೇಬರೇ ಎದ್ದು ಬಂದು ಅವಳ ಪುಸ್ತಕ ನೋಡಿದರು. −6ಎಕ್ಸ್ + ಎಕ್ಸ್ ಅಂತ ಒಡೆದದ್ದು, ಸಾಮಾನ್ಯ ಪದ ಹೊರಗೆ ತೆಗೆದದ್ದು, ಎಲ್ಲ ಅಚ್ಚುಕಟ್ಟು. 'ಮಿಸ್, ಇವರ ಲೆಕ್ಕವೇ ಬೇರೆ' ಅಂದರು. ವರದಿಯಲ್ಲಿ 'ಬೋರ್ಡ್ ಬರಹ ಸ್ಪಷ್ಟವಿಲ್ಲ' ಅಂತ ಬಂತು. ಬೋರ್ಡಿನ ಬಗ್ಗೆ ಒಂದು ಮಾತಿಲ್ಲ!

ಸ್ಟಾಫ್ ರೂಮಿನಲ್ಲಿ ಕೂತು ನೋಡಿದರೆ, 5 ಮತ್ತು 6ಕ್ಕೆ ಯಾವ ಚಿಹ್ನೆ ಹಾಕಿದರೂ ಅಪವರ್ತನ ಆಗುತ್ತದೆ. 10, 24 ಕೂಡ ಹಾಗೇ. 13, 30 ಕೂಡ. ನಮ್ಮ ಇನ್ನೊಬ್ಬ ಗಣಿತದ ಮೇಷ್ಟ್ರು ಟೀ ಕುಡಿಯುತ್ತಾ, 'ಇವೆಲ್ಲ ಪೈಥಾಗೊರಸ್ ಜೋಡಿ ಕಣ್ರೀ' ಅಂದರು. 3, 4, 5ರ ತ್ರಿಭುಜಕ್ಕೆ ಕರ್ಣ 5, ವಿಸ್ತೀರ್ಣ 6. 6, 8, 10ಕ್ಕೆ 10, 24. 5, 12, 13ಕ್ಕೆ 13, 30. ಕರ್ಣದ ವರ್ಗಕ್ಕೆ ವಿಸ್ತೀರ್ಣದ ನಾಲ್ಕರಷ್ಟು ಕೂಡಿದರೆ ಉಳಿದೆರಡು ಬಾಹುಗಳ ಮೊತ್ತದ ವರ್ಗ, ಕಳೆದರೆ ವ್ಯತ್ಯಾಸದ ವರ್ಗ. 25 + 24 = 49, 25 − 24 = 1. ಶೋಧಕ (ಮಧ್ಯದ ಸಂಖ್ಯೆಯ ವರ್ಗದಿಂದ, ಕೊನೆಯ ಸಂಖ್ಯೆಯ ನಾಲ್ಕರಷ್ಟನ್ನು ಚಿಹ್ನೆ ಸಮೇತ ಕಳೆದದ್ದು) ಎರಡು ಸಲವೂ ಪೂರ್ಣ ವರ್ಗ; ಹಾಗಿದ್ದರೆ ಅಪವರ್ತನ ಆಗಿಯೇ ಆಗುತ್ತದೆ. ಮತ್ತೆ ಸಿಕ್ಕಿಹಾಕಿಕೊಳ್ಳುವುದು ಎಲ್ಲಿಂದ?

ಈಗ ಬೋರ್ಡಿನ ಮೇಲೆ 7, 12 ಹಾಕುತ್ತೇನೆ. +12 ಆದರೆ −3, −4 ಸಿಗುತ್ತವೆ. ಮೈನಸ್ ಅಂತ ಇಳಿಸಿಕೊಂಡವರು 12–1, 6–2, 4–3 ಎಲ್ಲ ತಡಕಾಡುತ್ತಾರೆ. ಯಾವ ಜೋಡಿಯಲ್ಲೂ ವ್ಯತ್ಯಾಸ 7 ಬರುವುದಿಲ್ಲ. ಆಗ ತಾವೇ ಕೇಳುತ್ತಾರೆ: 'ಮಿಸ್, ಅದು ಪ್ಲಸ್ಸಾ, ಮೈನಸ್ಸಾ?'