ಟ್ರ್ಯಾಂಪೊಲೀನ್ ಸ್ಪರ್ಧೆ: ಅಂಕ ಬರುವುದೆಲ್ಲಿ, ಸೋರುವುದೆಲ್ಲಿ

ಮಗುವನ್ನು ಟ್ರ್ಯಾಂಪೊಲೀನ್ ಸ್ಪರ್ಧೆಗೆ ಸೇರಿಸಿದ ಅಪ್ಪ ಅಮ್ಮಂದಿರು ಕೋಚ್ ಹತ್ತಿರ ಸಾಮಾನ್ಯವಾಗಿ ಕೇಳುವುದು ಒಂದೇ: ‘ಡಬಲ್ ಲಾಗ (ಒಂದೇ ಜಿಗಿತದಲ್ಲಿ ಎರಡು ಲಾಗ) ಯಾವಾಗ ಹೇಳಿಕೊಡ್ತೀರಿ?’ ಅಂಕದ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಈ ಅವಸರ ತಾನಾಗಿ ಇಳಿಯುತ್ತದೆ.

ರೊಟೀನ್ ಎಂದರೆ ಒಂದರ ಹಿಂದೆ ಒಂದರಂತೆ 10 ಸ್ಕಿಲ್. ಶುರುವಿನಲ್ಲಿ ಎತ್ತರ ಹಿಡಿಯಲು ಬರೀ ಜಿಗಿತ ಹಾಕಿಕೊಳ್ಳಬಹುದು. ಆದರೆ ಮೊದಲ ಸ್ಕಿಲ್ ಆದಮೇಲೆ ನಡುವೆ ಒಂದು ಖಾಲಿ ಜಿಗಿತ ನುಸುಳಿದರೂ ರೊಟೀನ್ ಅಲ್ಲಿಗೇ ಮುಗಿಯಿತು. ಅಷ್ಟರವರೆಗಿನದಕ್ಕೆ ಮಾತ್ರ ಅಂಕ. ಒಂದೇ ಸ್ಕಿಲ್ ಎರಡು ಸಲ ಬಂದರೆ ಎರಡನೆಯದರ ಕಷ್ಟಾಂಕ ಸಿಗುವುದಿಲ್ಲ.

ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಒಟ್ಟು ಅಂಕ ನಾಲ್ಕು ಕಡೆಯಿಂದ ಬರುತ್ತದೆ: ಕಷ್ಟ, ಅಚ್ಚುಕಟ್ಟು, ಗಾಳಿಯಲ್ಲಿದ್ದ ಸಮಯ, ಬೆಡ್ಡಿನ (ಜಿಗಿಯುವ ಹಾಸಿನ) ನಡುವೆ ಉಳಿದದ್ದು. ಕಷ್ಟಾಂಕದ ಲೆಕ್ಕ ಸುಲಭ. ಲಾಗದ ಪ್ರತಿ ಕಾಲುಭಾಗಕ್ಕೆ 0.1, ಅರ್ಧ ಟ್ವಿಸ್ಟಿಗೆ (ನೆಟ್ಟಗಿನ ದೇಹ ಬುಗುರಿಯಂತೆ ಪಕ್ಕಕ್ಕೆ ತಿರುಗುವುದು) 0.1, ಪ್ರತಿ ಲಾಗ ಪೂರ್ತಿಯಾದಾಗ ಮೇಲೆ ಇನ್ನೊಂದು 0.1. ಹಾಗಾಗಿ ಮಂಡಿ ಮಡಚಿ ಹಾಕುವ ಸಾದಾ ಲಾಗಕ್ಕೆ 0.5. ಡಬಲ್‌ಗೆ 1.0. ಅಂದರೆ ಒಂದು ಸಾದಾ ಲಾಗದ ಜಾಗಕ್ಕೆ ಡಬಲ್ ತಂದರೆ ಲಾಭ ಬರೀ 0.5.

ಈಗ ಅಚ್ಚುಕಟ್ಟಿನ ಕಡೆ ನೋಡಿ. ಪ್ರತಿ ಸ್ಕಿಲ್‌ಗೂ ಜಡ್ಜ್‌ಗಳು 0.5ರವರೆಗೆ ಕತ್ತರಿಸಬಹುದು. ಅವರ ಕಡಿತಗಳಲ್ಲಿ ನಡುವಿನ ಎರಡನ್ನು ಕೂಡಿಸುತ್ತಾರೆ. ಹಾಗಾಗಿ 0.1ರ ತಪ್ಪು ನಿಜವಾಗಿ 0.2 ಕಳೆಯುತ್ತದೆ. ಪಾದ ಚೂಪು ಮಾಡದೆ, ಕಾಲು ಜೋಡಿಸದೆ ಹತ್ತು ಸ್ಕಿಲ್ ಮಾಡಿದ ಮಗು ಅಷ್ಟಕ್ಕೇ 2 ಅಂಕ ಬಿಟ್ಟುಕೊಡುತ್ತದೆ. ನಾಲ್ಕು ಡಬಲ್ ಸೇರಿಸಿ ಗಳಿಸುವುದು ಅಷ್ಟೇ!

ಗಾಳಿಯಲ್ಲಿದ್ದ ಪ್ರತಿ ಸೆಕೆಂಡಿಗೂ 1 ಅಂಕ. ಒಂದು ಜಿಗಿತ 1.2 ಸೆಕೆಂಡ್ ಗಾಳಿಯಲ್ಲಿದ್ದರೆ ಎತ್ತರ ಸುಮಾರು 1.8 ಮೀಟರ್, 1.8 ಸೆಕೆಂಡ್ ಇದ್ದರೆ ಹತ್ತಿರಹತ್ತಿರ 4 ಮೀಟರ್. ಇನ್ನು ಬೆಡ್ಡಿನ ನಡುವಿನ ಚೌಕದಲ್ಲಿ ಇಳಿದರೆ ಕಡಿತವಿಲ್ಲ. ಹೊರಕ್ಕೆ ಸರಿದಂತೆ 0.1, 0.2, 0.3 ಹೋಗುತ್ತದೆ. ನಡು ತಪ್ಪಿದ ಮಗು ಮುಂದಿನ ಜಿಗಿತದಲ್ಲಿ ಸರಿಪಡಿಸಿಕೊಳ್ಳಲು ವಾಲುತ್ತದೆ, ವಾಲಿದರೆ ಎತ್ತರ ಬೀಳುತ್ತದೆ, ಎತ್ತರ ಬಿದ್ದರೆ ಲಾಗ ಬಿಚ್ಚಲು ಹೊತ್ತು ಸಾಲದು. ಒಂದು ತಪ್ಪಿಗೆ ಮೂರು ಕಡೆ ದಂಡ.

ಸರಿಯುವುದಕ್ಕೆ ಮೂಲ ಬಹುಪಾಲು ಬೆಡ್ಡಿನಿಂದ ಹೊರಡುವ ಗಳಿಗೆಯಲ್ಲೇ ಇರುತ್ತದೆ. ಬ್ಯಾಕ್ ಲಾಗದಲ್ಲಿ ಮಗು ಬೆಡ್ ಪೂರ್ತಿ ಮೇಲೆತ್ತುವ ಮೊದಲೇ ತಲೆಯನ್ನು ಹಿಂದಕ್ಕೆ ಎಸೆಯುತ್ತದೆ. ಭುಜ ಹಿಂದೆ ಬೀಳುತ್ತದೆ, ದೇಹ ಮೇಲೇರುವ ಬದಲು ಹಿಂದಕ್ಕೆ ಹೋಗುತ್ತದೆ. ಕೈ ಕಿವಿಯ ಪಕ್ಕ, ಕಣ್ಣು ಬೆಡ್ಡಿನ ತುದಿಯ ಮೇಲೆ, ಸೊಂಟ ಮೇಲೇರಿದ ಮೇಲೆ ಮಂಡಿ ಮೇಲಕ್ಕೆ: ಕೋಚ್ ಇದನ್ನೇ ತಿಂಗಳುಗಟ್ಟಲೆ ಮಾಡಿಸುತ್ತಿದ್ದರೆ ಕಾಲಹರಣ ಎಂದುಕೊಳ್ಳಬೇಡಿ. ಹಾಗೆಯೇ ಮೊದಲ ದಿನ ಕಲಿಸುವುದು ಜಿಗಿಯುವುದನ್ನಲ್ಲ, ನಿಲ್ಲಿಸುವುದನ್ನು. ಇಳಿಯುವಾಗ ಮಂಡಿ, ಸೊಂಟ ಬಗ್ಗಿಸಿ ಪುಟಿತವನ್ನು ನುಂಗಿಕೊಳ್ಳಲು ಬಾರದ ಮಗುವಿಗೆ ಮುಂದಿನ ಪಾಠ ಕೊಡಬಾರದು.

ಟ್ರ್ಯಾಂಪೊಲೀನ್ ಜೊತೆಗೇ ಬರುವ ಟಂಬ್ಲಿಂಗ್ ಬೇರೆಯದೇ ಜಾತಿ. 25 ಮೀಟರ್ ಉದ್ದದ ಸ್ಪ್ರಿಂಗ್ ಪಟ್ಟಿ, ಓಡಿ ಬಂದು ನಿಲ್ಲದೆ 8 ಸ್ಕಿಲ್, ಕೊನೆಗೆ ಲಾಗ. ಅಲ್ಲಿ ಕೆಡುವುದು ಮೊದಲ ರೌಂಡ್‌ಆಫ್‌ನಲ್ಲಿ (ಕೈಯೂರಿ ಚಕ್ರದಂತೆ ತಿರುಗಿ ಎರಡೂ ಕಾಲಿನ ಮೇಲೆ ಇಳಿಯುವುದು): ಕೈ ಓರೆಯಾಗಿ ಊರಿದರೆ ಇಡೀ ಸಾಲು ಪಟ್ಟಿಯ ಅಂಚಿಗೆ ಜಾರುತ್ತದೆ, ವೇಗ ಸತ್ತರೆ ಕೊನೆಯ ಲಾಗಕ್ಕೆ ಎತ್ತರವೇ ಇಲ್ಲ.

ಬೆಡ್ ನೈಲಾನ್ ಪಟ್ಟಿಗಳ ಹೆಣಿಗೆ; ಬರಿಗಾಲಿನ ಬೆರಳು ಸಂದಿಗೆ ಸಿಕ್ಕಿಕೊಳ್ಳುತ್ತದೆ. ಸಾಕ್ಸ್ ಅಥವಾ ಟ್ರ್ಯಾಂಪೊಲೀನ್ ಶೂ ಬೇಕೇ ಬೇಕು. ಓಲೆ, ಬಳೆ, ವಾಚ್ ತೆಗೆದಿಡಬೇಕು.

ಹೇಳಲು ಮುಜುಗರಪಡುವ ವಿಷಯ ಒಂದಿದೆ. ಎತ್ತರ ಜಿಗಿಯುವ ಹುಡುಗಿಯರಿಗೆ ಜಿಗಿತದ ನಡುವೆ ಹನಿ ಮೂತ್ರ ಸೋರುವುದು ಅಪರೂಪವಲ್ಲ. ಬೈಯಬೇಡಿ, ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ, ವಸ್ತಿಕುಹರದ ಸ್ನಾಯುಗಳಿಗೆ ವ್ಯಾಯಾಮಗಳಿವೆ. ಇನ್ನೊಂದು, ನೆನ್ನೆವರೆಗೂ ಸಲೀಸಾಗಿ ಬರುತ್ತಿದ್ದ ಟ್ವಿಸ್ಟ್ ಇದ್ದಕ್ಕಿದ್ದಂತೆ ಮಾಯವಾಗುವುದು. ಗಾಳಿಯಲ್ಲಿ ತಾನೆಲ್ಲಿದ್ದೇನೆ ಎಂಬುದೇ ಮಗುವಿಗೆ ತಿಳಿಯುವುದಿಲ್ಲ. ಅದು ಸೋಮಾರಿತನವಲ್ಲ, ಹಟ ಹಿಡಿದು ಮಾಡಿಸಿದರೆ ಕುತ್ತಿಗೆಯ ಮೇಲೆ ಬೀಳುವ ಅಪಾಯ ನಿಜ. ಬಿಡಿಬಿಡಿಯಾಗಿ ಒಡೆದು, ಹಾರ್ನೆಸ್‌ನಲ್ಲಿ (ಸೊಂಟಕ್ಕೆ ಬಿಗಿದು ಹಗ್ಗದಿಂದ ಹಿಡಿಯುವ ಪಟ್ಟಿ) ಮತ್ತೆ ಕಟ್ಟಬೇಕು.

ಫೋನಿನಲ್ಲಿ ವಿಡಿಯೊ ಮಾಡುವುದಾದರೆ ಪಕ್ಕದಿಂದ ಮಾಡಿ, ಫ್ಲ್ಯಾಶ್ ಆರಿಸಿ. ಮುಂದಿನಿಂದ ತೆಗೆದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ವಾಲಿದ ಭುಜ, ಬಗ್ಗಿದ ಸೊಂಟ ಕಾಣುವುದು ಪಕ್ಕದಿಂದಲೇ. ಕೊನೆಯ ಲಾಗ ಮುಗಿದ ಕೂಡಲೇ ನಿಲ್ಲಿಸಬೇಡಿ: ಎರಡು ಕಾಲ ಮೇಲೆ 3 ಸೆಕೆಂಡ್ ಅಲುಗದೆ ನಿಂತಿತೇ ಎಂಬುದಕ್ಕೂ ಅಂಕವಿದೆ.