ಮನೆತನದ ಮಡಕೆಯಲ್ಲಿ ಕಲಾವಿದರ ಸ್ವಂತದ್ದೇನು?

ಅಮೆರಿಕದ ನ್ಯೂ ಮೆಕ್ಸಿಕೋದ ಮೂಲನಿವಾಸಿಗಳಾದ ಪ್ಯೂಬ್ಲೊ ಜನರ ಮಡಕೆಗಳ ಮಾತು ಬಂದಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: ಪೂರ್ವಜರ ಚಿತ್ತಾರವನ್ನೂ ಮನೆಯಲ್ಲಿ ಕಲಿತ ವಿಧಾನವನ್ನೂ ಮುಂದುವರಿಸುವವರು ಕಸುಬುದಾರರಾದಾರು, ಕಲಾವಿದರು ಹೇಗಾದಾರು?

ಪರಂಪರೆ ಸಿದ್ಧರೂಪದಲ್ಲಿ ಕೈಗೆ ಬರುತ್ತದೆ ಎಂಬ ಊಹೆ ಈ ಪ್ರಶ್ನೆಯೊಳಗಿದೆ. ಅದನ್ನು ನಾನು ಒಪ್ಪುವುದಿಲ್ಲ. ಸ್ಯಾನ್ ಇಲ್ಡೆಫೋನ್ಸೊ ಗ್ರಾಮದ ಮರಿಯಾ ಮಾರ್ಟಿನೆಜ್ ಅವರನ್ನೇ ನೋಡಿ. ಅವರು ಬಂಧುವಾದ ನಿಕೊಲಾಸಾ ಎಂಬ ಹಿರಿಯರಿಂದ ಮಡಕೆ ಮಾಡಲು ಕಲಿತರು. ಪುರಾತತ್ತ್ವಜ್ಞ ಎಡ್ಗರ್ ಹ್ಯೂಯೆಟ್ ನೇತೃತ್ವದ ಉತ್ಖನನದಲ್ಲಿ ಹಳೆಯ ಮಡಕೆಚೂರುಗಳು ಸಿಕ್ಕಾಗ, ಅಂಥವನ್ನು ಮಾಡಿಕೊಡುವಂತೆ ಅವರನ್ನು ಕೇಳಲಾಯಿತು. ಆದರೆ ಹೆಸರು ತಂದುಕೊಟ್ಟದ್ದು ಆ ಅನುಕರಣೆಯಲ್ಲ. 1920ರ ಆಸುಪಾಸಿನಲ್ಲಿ ಪತಿ ಜೂಲಿಯನ್ ಜೊತೆ ರೂಪಿಸಿದ, ಹೊಳೆಯುವ ಕಪ್ಪಿನ ಮೇಲೆ ಹೊಳಪಿಲ್ಲದ ಕಪ್ಪು ಚಿತ್ತಾರದ ಮಡಕೆಗಳು.

ಇಲ್ಲಿ ತಿಗರಿಯಿಲ್ಲ. ಜ್ವಾಲಾಮುಖಿಯ ಬೂದಿ ಬೆರೆಸಿದ ಮಣ್ಣನ್ನು ಹುರಿಯಂತೆ ಹೊಸೆದು, ಸುತ್ತು ಸುತ್ತಾಗಿ ಏರಿಸಿ, ಗೋಡೆಯನ್ನು ಕೆರೆದು ತೆಳುವಾಗಿಸಿ, ಮೇಲೆ ಕೆಮ್ಮಣ್ಣಿನ ತಿಳಿಯನ್ನು ಬಳಿದು, ಅದು ಒಣಗಿಹೋಗುವ ಮುನ್ನವೇ ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ತರಬೇಕು. ಉಜ್ಜಿದ ಮೈಮೇಲೆ ಜೂಲಿಯನ್ ಮಣ್ಣಿನ ತಿಳಿಯಿಂದಲೇ ಚಿತ್ರ ಬರೆಯುತ್ತಿದ್ದರು. ಬಯಲಿನಲ್ಲಿ ಕಟ್ಟಿಗೆ, ಬೆರಣಿಗಳನ್ನು ಒಟ್ಟಿ ಸುಡುವಾಗ, ಉರಿ ಏರಿದ ಹೊತ್ತಿನಲ್ಲಿ ಒಣಗಿದ ಕುದುರೆ ಲದ್ದಿಯ ಪುಡಿಯನ್ನು ಸುರಿದು ಗಾಳಿಯನ್ನು ತಡೆಯುತ್ತಾರೆ. ದಟ್ಟ ಹೊಗೆಯಲ್ಲಿ ಕೆಂಪು ಮಡಕೆ ಕಪ್ಪಾಗುತ್ತದೆ, ಉಜ್ಜಿದಲ್ಲಿ ಮಿನುಗು ಉಳಿಯುತ್ತದೆ, ಚಿತ್ರ ಬರೆದಲ್ಲಿ ಉಳಿಯುವುದಿಲ್ಲ. ಕಪ್ಪು ಬಣ್ಣ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೂ ಇದೇ ಉತ್ತರ.

ಜೂಲಿಯನ್ ಬರೆದ ಗರಿಗಳ ಸಾಲು ಅದೇ ಸೀಮೆಯಲ್ಲಿದ್ದ ಮಿಂಬ್ರೆಸ್ ಎಂಬ ಪ್ರಾಚೀನ ಜನರ, ಸುಮಾರು 1000 ವರ್ಷ ಹಿಂದಿನ ಮಡಕೆಗಳಿಂದ ಬಂದದ್ದು. ಹಳೆಯದರಲ್ಲಿ ಯಾವುದನ್ನು ಆರಿಸಬೇಕು, ಯಾವ ಮೈಮೇಲೆ ಇಡಬೇಕು ಎಂಬ ತೀರ್ಮಾನ ಮಾತ್ರ ಅವರದೇ, ಮತ್ತು ನನ್ನ ಮಟ್ಟಿಗೆ ಕಲೆ ಇರುವುದು ಆ ತೀರ್ಮಾನದಲ್ಲಿ.

ಒಬ್ಬರೇ ಕರ್ತೃ ಇರಬೇಕೆಂಬ ಹಟ ಇಲ್ಲಿ ನಡೆಯುವುದಿಲ್ಲ. 1943ರಲ್ಲಿ ಜೂಲಿಯನ್ ತೀರಿಕೊಂಡ ಮೇಲೆ ಸೊಸೆ ಸಂತಾನಾ, ಅನಂತರ ಮಗ ಪೊಪೊವಿ ಡಾ, ಮರಿಯಾ ಕಟ್ಟಿದ ಮಡಕೆಗಳಿಗೆ ಚಿತ್ತಾರ ಬರೆದರು. ಸಹಿಯಲ್ಲೂ ಜೋಡಿ ಹೆಸರುಗಳು ಬಂದವು. ಮರಿಯಾ ಹೆಸರಿದ್ದರೆ ಬೆಲೆ ಹೆಚ್ಚೆಂದು ಊರಿನ ಇತರ ಹೆಂಗಸರು ಕೇಳಿದಾಗ ಅವರ ಮಡಕೆಗಳಿಗೂ ಆಕೆ ಸಹಿ ಹಾಕಿಕೊಟ್ಟದ್ದುಂಟು. (ಸಂಗ್ರಾಹಕರಿಗೆ ಇದು ತಲೆನೋವು, ನನಗಂತೂ ಖುಷಿ.) ಮೊಮ್ಮಗ ಟೋನಿ ಡಾ ಮಡಕೆಯ ಮೈಯಲ್ಲಿ ಟರ್ಕಾಯಿಸ್ ಎಂಬ ನೀಲಿ ಹರಳುಗಳನ್ನು ಕೂರಿಸಿ ತಮ್ಮದೇ ದಾರಿ ಹಿಡಿದರು.